ಪ್ಲಾನಿನಲ್ಲಿ ಇಲ್ಲದ ತೋಡು

ಶೇಖರ ಮಾವನಿಗೆ, ನಿಮ್ಮ ಸೋದರಳಿಯ ಬರೆಯುವುದು.

ಆಸ್ಪತ್ರೆಯಲ್ಲಿ ನೀವು ನನ್ನನ್ನು ಕೊನೆಯದಾಗಿ ಕೇಳಿದ ಮಾತು ನೆನಪಿದೆ. ಮಣಿಪಾಲದ ಆ ವಾರ್ಡಿನಲ್ಲಿ ಅತ್ತೆ ನಿಮಗೆ ಗಂಜಿತಿಳಿ ಕುಡಿಸುತ್ತಿದ್ದರು. ನೀವು ಚಮಚ ಸರಿಸಿ, "ಅಳಿಯ, ಶಾಲೆಯ ಪ್ಲಾನಿನಲ್ಲಿ ತೋಡು ಉಂಟಲ್ವಾ?" ಎಂದಿರಿ. ಹೊಸ ಶಾಲೆಗೆ ಜಾಗ ಬಿಟ್ಟುಕೊಡುವಾಗ ನೀವು ಹಾಕಿದ್ದು ಅದೊಂದೇ ಷರತ್ತು, ಗದ್ದೆಗಳ ನಡುವಿನಿಂದ ಹೊಳೆಗೆ ಸೇರುವ ಆ ತೋಡು ಹಾಗೆಯೇ ಹರಿಯಬೇಕು ಎಂದು. "ಉಂಟು ಮಾವ, ನೀವು ಗಂಜಿ ಕುಡಿಯಿರಿ" ಎಂದೆ. ಇರಲಿಲ್ಲ. ಮೂರನೆಯ ದಿನ ನೀವು ಹೋದಿರಿ. ನಾನು ಅಳಲಿಲ್ಲ. ಈಗಲೂ ಅಳು ಬಂದಿಲ್ಲ. ಬರಬೇಕಿತ್ತಲ್ಲ...

ಇಂಜಿನಿಯರ್ ಜಾಗ ನೋಡಲು ಬಂದದ್ದು ಕಡು ಬೇಸಗೆಯಲ್ಲಿ. ನೀವು ಆಗಲೇ ಹಾಸಿಗೆ ಹಿಡಿದಿದ್ದಿರಿ. ಶಾಲಾ ಸಮಿತಿಯ ಪರವಾಗಿ ಗಡಿ ತೋರಿಸಲು ನಾನೊಬ್ಬನೇ ಹೋದೆ. ಒಣಗಿದ ತೋಡಿನ ಮರಳಿನಲ್ಲಿ ಊರಿನವರು ವಾಲಿಬಾಲ್ ನೆಟ್ ಕಟ್ಟಿದ್ದರು. "ಇಲ್ಲಿ ನೀರು ಬರುತ್ತಾ?" ಎಂದು ಇಂಜಿನಿಯರ್ ಕೇಳಿದರು. "ಮಳೆಗಾಲದಲ್ಲಿ ಸ್ವಲ್ಪ ಬರ್ತದೆ ಸರ್" ಎಂದೆ. ನಮ್ಮೂರಲ್ಲಿ ಸೊಂಟದವರೆಗೆ ಬಂದರೂ ಸ್ವಲ್ಪವೇ ತಾನೆ? ಅಂಗಳ ದಾಟಿ ಮೆಟ್ಟಿಲು ಹತ್ತಿದರೆ ಮಾತ್ರ ನಾವು ಅದನ್ನು ನೀರು ಎನ್ನುವುದು. ಘಟ್ಟದ ಮೇಲಿಂದ ಬಂದವರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ತೋಡಿದ್ದ ಜಾಗದಲ್ಲಿ ಆಟದ ಬಯಲು, ಅದರಡಿ ಒಂದು ಪೈಪು ಎಂದು ಪ್ಲಾನ್ ಬಂತು. ತೋಡು ಹೋಯಿತೆಂದು ನೋಡಿದಾಗಲೇ ತಿಳಿಯಿತು. ಮಕ್ಕಳಿಗೆ ಆಡಲು ಜಾಗ ಬೇಡವೇ ಎಂದುಕೊಂಡು ಸುಮ್ಮನಾದೆ.

ಚಿಕ್ಕಂದಿನಲ್ಲಿ ಒಮ್ಮೆ, ವರ್ಷದ ಮೊದಲ ದೊಡ್ಡ ಮಳೆಗೆ, ನೀವು ನನ್ನ ಕೈಯಿಂದ ಬುಟ್ಟಿ ಕಿತ್ತುಕೊಂಡಿದ್ದಿರಿ. ಹೊಳೆಯ ಮೀನುಗಳು ಮೊಟ್ಟೆಯಿಡಲು ತೋಡು ಹತ್ತಿ ಗದ್ದೆಗೆ ಬರುತ್ತಿದ್ದವು, ಊರೆಲ್ಲ ಹಿಡಿಯುತ್ತಿತ್ತು. "ಬಸುರಿ ಹೆರಿಗೆಗೆ ತವರಿಗೆ ಹೊರಟದ್ದು. ದಾರಿಯಲ್ಲಿ ಬುಟ್ಟಿ ಹಿಡಿದು ನಿಲ್ಲುವುದಾ? ನಾಚಿಕೆ ಉಂಟಾ ನಿನಗೆ?" ಎಂದು ಬೈದಿರಿ. ಮಧ್ಯಾಹ್ನ ನೆರೆಮನೆಯ ಗಿರಿಜಕ್ಕ ಕಳಿಸಿದ ಅದೇ ಮೀನಿನ ಸಾರಿಗೆ ಎರಡು ಸಲ ಅನ್ನ ಹಾಕಿಸಿಕೊಂಡಿರಿ. ಅದು ಬೇರೆ ಕಥೆ.

ಈ ವರ್ಷ ಮೊದಲ ಮಳೆ ಬಂದ ಬೆಳಿಗ್ಗೆ ಹೋಗಿ ನೋಡಿದೆ. ಪೈಪು ಕೂರಿಸುವ ಮೊದಲೇ ತೋಡಿಗೆ ಅಡ್ಡ ಮಣ್ಣು ಸುರಿದಿದ್ದರು. ನೀರು ಹೇಗೋ ಸಂದಿಯಿಂದ ಇಳಿಯುತ್ತಿತ್ತು. ಮೀನಿಗೆ ಹತ್ತಲು ದಾರಿ ಇರಲಿಲ್ಲ. ಮಣ್ಣಿಗೆ ಹಾರಿ ಹಾರಿ ಬೀಳುತ್ತಿದ್ದವು. ಕೆಲವು ಕೆಸರಿನಲ್ಲಿ ಹೊಟ್ಟೆ ಮೇಲಾಗಿ... ಬುಟ್ಟಿ ತಂದಿದ್ದ ಗಿರಿಜಕ್ಕ ಬಗ್ಗಲಿಲ್ಲ. "ಇದೆಂತ ಮಾರಾಯ, ಇವಕ್ಕೆ ದಾರಿ ತಪ್ಪಿತಾ?" ಎಂದರು. "ಇಲ್ಲ, ನಾನು ತಪ್ಪಿಸಿದ್ದು" ಎಂದೆ. ಯಾರದೋ ಸುದ್ದಿ ಹೇಳಿದ ಹಾಗಿತ್ತು.

ಅದೇ ಮಾತನ್ನು ಆ ವಾರದ ಶಾಲಾ ಸಮಿತಿಯ ಸಭೆಯಲ್ಲೂ ಹೇಳಿದೆ. "ಹಾಗಾದ್ರೆ ನಿನ್ನ ಮೀನುಗಳಿಗೂ ಅಡ್ಮಿಷನ್ ಕೊಡುವನಾ?" ಎಂದರು ಅಧ್ಯಕ್ಷರು. ಎಲ್ಲರೂ ನಕ್ಕರು. ನಾನೂ ನಕ್ಕಿರಬೇಕು. ಇಂಜಿನಿಯರ್ ಮಾತ್ರ ನಗದೆ ಎದ್ದು, ಮಳೆಯಲ್ಲೇ ಹೋಗಿ ತೋಡಿಗೆ ಇಳಿದರು. ಸೊಂಟದವರೆಗೆ ಒದ್ದೆಯಾಗಿ ವಾಪಸು ಬಂದು, "ನೀವು ಸ್ವಲ್ಪ ಅಂದಿದ್ದು ಇದನ್ನಾ?" ಎಂದು ಕೇಳಿದರು.

ಮಣ್ಣು ತೆಗೆಸಿದ್ದಾರೆ, ಮಾವ. ಕಟ್ಟಡ ಮುರಕಲ್ಲಿನ ಗುಡ್ಡದ ಕಡೆಗೆ ಸರಿದಿದೆ. ದಂಡೆಯ ಕೇದಗೆ ಪೊದೆಗಳನ್ನು ಕಡಿಯುವುದಿಲ್ಲ. ಮಕ್ಕಳು ದಾಟಲು ಒಂದು ಕಾಲುಸಂಕ ಬರುತ್ತದೆ. ಆಟದ ಬಯಲು ಅರ್ಧವಾಯಿತು. ಥ್ರೋಬಾಲ್ ಆಡುವ ನನ್ನ ಮಗಳು ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ಪ್ಲಾನಿನಲ್ಲಿ ಈಗ ತೋಡು ಉಂಟು. ನಿಮಗೆ ತೋರಿಸಬೇಕಿತ್ತು.

ನಿನ್ನೆ ಬೆಳಿಗ್ಗೆ ದಂಡೆಗೆ ಹೋಗಿದ್ದೆ. ಈ ಹೊತ್ತಿಗೆ ಗದ್ದೆಗಳಿಂದ ಮರಿಗಳು ಹೊಳೆಗೆ ಇಳಿಯಬೇಕು. ಬಹಳ ಹೊತ್ತು ನಿಂತೆ. ಒಂದೂ ಕಾಣಲಿಲ್ಲ. ತಾಯಿ ಹತ್ತದಿದ್ದ ಮೇಲೆ ಮರಿ ಎಲ್ಲಿಂದ ಇಳಿಯಬೇಕು? ಬರುವ ವರ್ಷ ಮೊದಲ ಮಳೆಗೆ ನಾನು ಅಲ್ಲಿರುತ್ತೇನೆ. ಒಂದಾದರೂ ಹತ್ತಿದರೆ ನಿಮಗೆ ಬರೆಯುತ್ತೇನೆ, ಹತ್ತದಿದ್ದರೂ ಬರೆಯುತ್ತೇನೆ. ಆ ಸಲ ಕಂಡದ್ದನ್ನೇ ಹೇಳುತ್ತೇನೆ, ಮಾವ.