ಬೂಟು ಬಿಚ್ಚದ ಪರಿವೀಕ್ಷಕರಿಗೆ

ವಿದ್ಯುತ್ ಪರಿವೀಕ್ಷಕ ಮಹಾಶಯರೇ,

ನಮ್ಮ ಲಾಂಡ್ರಿಯ ಬಟ್ಟೆ ಒಗೆಯುವ ಯಂತ್ರ ನನ್ನ ಅಕ್ಕನ ಬಲಗೈ ಸುಟ್ಟಿತು. ‘ಯಂತ್ರ ಸುರಕ್ಷಿತ; ಒದ್ದೆ ಕೈಯಲ್ಲಿ ಮುಟ್ಟಿದ್ದು ಕೆಲಸಗಾರ್ತಿಯ ನಿರ್ಲಕ್ಷ್ಯ’ ಎಂದು ನೀವು ವರದಿ ಬರೆದಿರಿ. ಆಹಾ! ಬಟ್ಟೆ ಒಗೆಯುವವಳ ಕೈ ಒಣಗಿರಬೇಕೆಂದು ಯಾವ ಶಾಲೆಯಲ್ಲಿ ಕಲಿತಿರಿ ಸ್ವಾಮೀ? ಆ ವರದಿಯ ಬಲದಿಂದಲೇ ಈಗ ಮಾಲೀಕರು ಅದೇ ಯಂತ್ರಕ್ಕೆ ನನ್ನನ್ನು ಹಚ್ಚುತ್ತಿದ್ದಾರೆ.

ತಾಮ್ರದ ತಂತಿಯಲ್ಲಿ ಕರೆಂಟು ಹರಿಯುತ್ತದೆ. ಮೇಲಿನ ಪ್ಲಾಸ್ಟಿಕ್ ಕವಚ ಅದನ್ನು ಹೊರಗೆ ಬಿಡದೆ ತಡೆಯುತ್ತದೆ. ನಮ್ಮ ಯಂತ್ರದೊಳಗೆ ಆ ಕವಚ ಹಬೆಗೆ ಬಿರುಕುಬಿಟ್ಟು, ಬೆತ್ತಲಾದ ತಾಮ್ರ ಕಬ್ಬಿಣದ ಮೈಗೆ ತಾಗುತ್ತಿದೆ. ಸೋರಿದ ಕರೆಂಟನ್ನು ನೆಲಕ್ಕಿಳಿಸಬೇಕಾದ ಹಸಿರು ತಂತಿ ಗೋಡೆಯ ಹಿಂದೆ ಯಾವುದಕ್ಕೂ ಸೇರದೆ ನೇತಾಡುತ್ತಿದೆ. ಆ ತಂತಿಯ ಕೆಲಸವನ್ನು ನನ್ನ ಅಕ್ಕನ ಮೈ ಮಾಡಿತು. ಸಾಬೂನು ನೀರು ನಿಂತ ನೆಲ, ಬರಿಗಾಲು. ಕರೆಂಟಿಗೆ ಇನ್ನೆಂಥ ರಾಜಮಾರ್ಗ ಬೇಕು?

ನಾವು ಯಂತ್ರವನ್ನು ಮೊದಲು ಕೈಯ ಹಿಂಬದಿಯಿಂದ ಸವರಿ ನೋಡುತ್ತೇವೆ. ಶಾಕ್ ಹೊಡೆದರೆ ಬೆರಳುಗಳು ಮಡಚಿಕೊಳ್ಳುತ್ತವೆ. ಅಂಗೈಯಿಂದ ಹಿಡಿದಿದ್ದರೆ ಬಿಡಿಸಿಕೊಳ್ಳಲಾಗದು. ನಿಮ್ಮ ಇಲಾಖೆಯ ಕೃಪೆಯಿಂದ ನಾವು ಕಲಿತ ವಿದ್ಯೆಯಿದು! ಅಂದು ಅಕ್ಕ ಹಾಗೆ ಸವರಿ, ಜುಮ್ಮೆನ್ನುತ್ತಿದೆ ಎಂದು ಮಾಲೀಕರಿಗೆ ಹೇಳಿದಳು.

“ಒಳ್ಳೇದೇ ಆಯ್ತು, ನಿದ್ದೆ ಬಿಡುತ್ತೆ. ನಡಿ ನಡಿ, ಬಟ್ಟೆ ತೆಗಿ” ಅಂದರು. ಯಂತ್ರದ ಬಾಗಿಲು ತೆಗೆಯಲು ಅದರ ಹಿಡಿಯನ್ನು ಅಂಗೈಯಿಂದಲೇ ಹಿಡಿಯಬೇಕು. ಹಿಡಿದಳು.

ನೀವು ಬಂದ ದಿನ ಯಂತ್ರದ ಮುಂದೆ, ನಾವೆಂದೂ ಕಾಣದ ರಬ್ಬರ್ ಚಾಪೆ ಹಾಸಿತ್ತು. ದಪ್ಪ ರಬ್ಬರ್ ಅಟ್ಟೆಯ ಬೂಟು ಹಾಕಿಕೊಂಡು ಅದರ ಮೇಲೆ ನಿಂತು, ಎಮ್ಮೆಯ ಬೆನ್ನು ತಟ್ಟಿದಂತೆ ಯಂತ್ರವನ್ನು ತಟ್ಟಿದಿರಿ. “ನೋಡಮ್ಮ, ನನಗೇನಾದ್ರೂ ಆಯ್ತಾ? ಎಲ್ಲಾ ನಿಮ್ಮ ಭಯ ಅಷ್ಟೇ.”

ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ಅಕ್ಕ ಕೇಳಿದಳು: “ಹೌದಾ ಸಾರ್? ಹಾಗಾದ್ರೆ ಚಾಪೆ ಸರಿಸಿ, ಬೂಟು ಬಿಚ್ಚಿ, ನಮ್ಮ ಥರ ಈ ನೀರಲ್ಲಿ ನಿಂತು ಇನ್ನೊಂದ್ಸಲ ತಟ್ಟಿ, ನೋಡೋಣ.”

ನಿಮ್ಮ ಕೈ ಸರಕ್ಕನೆ ಜೇಬು ಸೇರಿತು. ಏನೂ ಗೊತ್ತಿಲ್ಲದವರ ಕೈ ಹಾಗೆ ಓಡುವುದಿಲ್ಲ. ಗೊತ್ತಿದ್ದೂ ಬರೆದಿರಿ. ನಿಮಗೆ ಕ್ಷಮೆಯಿಲ್ಲ.

ಆ ವರದಿಯನ್ನು ರದ್ದು ಮಾಡಿ, ಯಂತ್ರ ದುರಸ್ತಿಯಾಗುವವರೆಗೆ ಅದಕ್ಕೆ ಬೀಗ ಹಾಕಿಸಿ. ಅಲ್ಲಿಯತನಕ ಅದು ತಿರುಗದು. ಅದರ ಫ್ಯೂಸನ್ನು ನಾವೇ ಕಿತ್ತಿಟ್ಟುಕೊಂಡಿದ್ದೇವೆ. ಕಳ್ಳತನವೆಂದು ದೂರು ಕೊಡುತ್ತೀರಾ? ದಯವಿಟ್ಟು ಕೊಡಿ. ಸಾಕ್ಷಿ ಹೇಳಲು ನೀವು ಕಟಕಟೆ ಹತ್ತಲೇಬೇಕಾಗುತ್ತದೆ. ನಿಮಗೆ ಅಲ್ಲಿ ಒಂದೇ ಪ್ರಶ್ನೆ ಕಾದಿದೆ: ಅಂದು ಬೂಟು ಯಾಕೆ ಬಿಚ್ಚಲಿಲ್ಲ?

ಇಂತಿ,
ನಿಮ್ಮ ‘ನಿರ್ಲಕ್ಷ್ಯದ ಕೆಲಸಗಾರ್ತಿ’ಯ ತಂಗಿ,
ಅವಳ ಜಾಗದಲ್ಲಿ ನಿಲ್ಲಬೇಕಾಗಿರುವ ಇನ್ನೊಂದು ಒದ್ದೆ ಕೈ