ನೆರೆಯ ಗೆರೆ

೧೭ ಅಕ್ಟೋಬರ್ ೨೦೨೪, ಗುರುವಾರ. ಸಾಂಗ್ಲಿ

'ಹೊಳೆ ಇಳಿದರೂ ಗೋಡೆ ಹೇಳುತ್ತದೆ' ಎಂದೇನೋ ಒಂದು ಸಾಲು, ಎಲ್ಲಿ ಓದಿದ್ದೆನೋ. ಇವತ್ತು ನಂಬಲಾಗುತ್ತಿಲ್ಲ. ಗೋಡೆಯ ಬಾಯನ್ನೂ ಮುಚ್ಚಿಸಬಹುದು.

ಕೃಷ್ಣೆಯ ದಂಡೆಯ ಒಂದು ತಗ್ಗು ಜಾಗವನ್ನು ಮತ್ತೆ ಜೌಗುನೆಲವಾಗಲು ಬಿಡಬೇಕೇ ಎಂಬ ನಮ್ಮ ಸಮೀಕ್ಷೆಗೆ ಸುತ್ತಲಿನ ಗೋಡೆಗಳ ಮೇಲಿನ ೨೦೧೯ರ ನೆರೆಯ ಗೆರೆಗಳೇ ಆಧಾರ. ಹೋದ ತಿಂಗಳು ಕಂಡಿದ್ದೆ. ಇವತ್ತು ಅಳೆಯಲು ಹೋದರೆ ಒಂದೂ ಇಲ್ಲ, ಎಲ್ಲ ಮನೆಗೂ ಒಂದೇ ತಿಳಿನೀಲಿ ಬಣ್ಣ. "ಇಲ್ಲಿತನಕಾ ನೀರಽ ಬರಂಗಿಲ್ರಿ" ಎಂದ ಅಲ್ಲಿನ ಮನೆಯೊಂದರ ಮುದುಕಿ ನನ್ನ ಮುಖ ನೋಡಲಿಲ್ಲ.

"ದೀಪಾವಳಿ ಬಂತಲ್ರಿ ಮಾವಶಿ, ಬಣ್ಣ ಹಚ್ಚತಾರ. ನಿಮಗ ಎಲ್ಲಾದ್ರಾಗೂ ಸಂಶಯ" ಎಂದು ಜೊತೆಗೆ ಕೆಲಸ ಮಾಡುವ ಓಂಕಾರ ನಕ್ಕ. ಇರಬಹುದು. ಆದರೆ ಅಲ್ಲಿ ಪ್ಲಾಟ್ ಹಾಕಲು ಹೊರಟವರ ಕಾಂಪೌಂಡೂ ಅದೇ ನೀಲಿ. ಗೆರೆ ಇಲ್ಲದಿದ್ದರೆ ಆ ತಗ್ಗು ಹೊಳೆಯ ನೆಲವಲ್ಲ ಎಂದು ಮಣ್ಣು ಸುರಿದು ತುಂಬುತ್ತಾರೆ. ಅಲ್ಲಿ ನಿಲ್ಲಬೇಕಾದ ನೀರು ಮುಂದಿನ ಸಲ ನಮ್ಮ ಓಣಿಗೇ ನುಗ್ಗುತ್ತದೆ.

ನಮ್ಮ ಗೇಟಿನ ಕಂಬದ ಮೇಲೆ ಆ ವರ್ಷ ನಾನೇ ಎಳೆದ ಕೆಂಪು ಗೆರೆ ಇದೆ. ಆ ಮಟ್ಟ ಹಿಡಿದು ತಗ್ಗಿನಲ್ಲಿ ನೀರು ಎಷ್ಟೆತ್ತರ ನಿಂತಿತ್ತೆಂದೂ ಲೆಕ್ಕ ಹಾಕಬಹುದು. ಮಧ್ಯಾಹ್ನ ಇದನ್ನು ಓಂಕಾರನಿಗೆ ಹೇಳಿದೆ, ಬೇರೆ ಯಾರಿಗೂ ಹೇಳಿಲ್ಲ. ಅವನು ಒಳ್ಳೆಯ ಹುಡುಗ. ಒಳ್ಳೆಯವನೇ ಇರಬೇಕು.

ರಾತ್ರಿ ಊಟದ ಹೊತ್ತಿಗೆ ಪಕ್ಕದ ಮನೆಯ ಅನುಸೂಯಾಬಾಯಿ ಬಾಗಿಲಿಗೆ ಬಂದರು.

"ಅಕ್ಕಾರ, ಸಂಜಿಕ ನೀವು ಬರೂಕಿಂತ ಮದ್ಲ ಬಣ್ಣದವ್ರು ಬಂದಿದ್ರು. ಪುಕ್ಕಟ ಹಚ್ಚತೀವಿ ಅಂದ್ರು. ನಮ್ಮನಿಗೂ ಹಚ್ರಿ ಅಂದ್ರ ಒಲ್ಲೆ ಅಂದ್ರು ನೋಡ್ರಿ! ನಿಮ್ಮ ಗೇಟಿನ ಕಂಬಕ್ಕಷ್ಟಽ ಅಂತ."