ಮರಿಯ ತಾಯಿಗೊಂದು ರೊಟ್ಟಿ

ಅವ್ವಾ,

ಇವತ್ತು ಮನೆಗೊಂದು ನಾಯಿಮರಿ ಬಂತು. ಟೆರಿಯರ್ ಜಾತಿಯದಂತೆ, ಗಿಡ್ಡ ಕಾಲು, ಒರಟು ಕೂದಲು. ನಮ್ಮ ಹಟ್ಟಿಯ ನಾಯಿಗಳ ಹಾಗೆ ಕುರಿ ಕಾಯುವುದಕ್ಕಂತೂ ಆಗದು, ನೀನು ನೋಡಿದ್ದರೆ ನಗುತ್ತಿದ್ದೆ. ಕೆಲಸದಿಂದ ಬಂದಾಗ ಮನೆಯೊಳಗೆ ಯಾವ ಸದ್ದೂ ಇರುವುದಿಲ್ಲ, ಅದಕ್ಕೇ ತಂದಿದ್ದು. ಎಳೆಯದಿದ್ದಾಗಲೇ ಯಾರೋ ಇದನ್ನು ರಟ್ಟಿನ ಡಬ್ಬಿಯಲ್ಲಿಟ್ಟು ಹಿರಿಯೂರಿನ ಹೆದ್ದಾರಿಯಲ್ಲಿ ಬಿಟ್ಟುಹೋಗಿದ್ದರಂತೆ. ಚಿತ್ರದುರ್ಗದ ಪ್ರಾಣಿಗಳ ಶೆಲ್ಟರಿನಲ್ಲಿ ಬೆಳೆಯುತ್ತಿತ್ತು.

ಮರಿ ತರುವಾಗ ನೀನು ತಾಯಿನಾಯಿಗೆ ರೊಟ್ಟಿ ಕೊಟ್ಟು ಅಪ್ಪಣೆ ಕೇಳುತ್ತಿದ್ದೆಯಲ್ಲ. ನಾನೂ ಯೋಚಿಸದೆ ರಾಗಿರೊಟ್ಟಿ ಕಟ್ಟಿಕೊಂಡು ಹೋಗಿದ್ದೆ. ಇದರ ತಾಯಿ ಎಲ್ಲಿ ಎಂದು ಕೇಳಿದಾಗ ಅಲ್ಲಿ ಕೆಲಸ ಮಾಡುವ ರೇಣುಕಮ್ಮ ಜೋರಾಗಿ ನಕ್ಕಳು.

"ತಾಯಿ ಎಲ್ಲೈತೋ ಯಾರಿಗ್ಗೊತ್ತು ಸಾರ್! ಬಾಟ್ಲಿಲಿ ಹಾಲು ಕುಡ್ಸಿ ಸಾಕಿದ್ದು ನಾನು. ನನಗೇ ಕೊಡ್ರಿ ಅತ್ಲಾಗೆ, ಹೊಟ್ಟೆ ಹಸ್ದೈತೆ."

ಕೊಟ್ಟೆ. ಕೊಟ್ಟ ಮೇಲೆ ನೀನು ತಾಯಿನಾಯಿಗೆ ಹೇಳುತ್ತಿದ್ದ ಮಾತೂ ತಾನಾಗಿಯೇ ಬಂತು: "ನಿನ್ ಕೂಸನ್ನ ನಮ್ಮನೆಗೆ ಕಳ್ಸವ್ವ, ಚೆನ್ನಾಗಿ ನೋಡ್ಕೊಂತೀವಿ."

ಆಕೆಯ ನಗು ನಿಂತಿತು. ರೊಟ್ಟಿ ಮುರಿದವಳು ಬಾಯಿಗಿಡಲಿಲ್ಲ. "ತಗಂಡ್ ಹೋಗ್ರಿ, ಬೇಗ ಹೋಗ್ರಿ" ಎಂದು ಬೆನ್ನು ತಿರುಗಿಸಿ ನಿಂತಳು.

ಮರಿ ದಾರಿಯುದ್ದಕ್ಕೂ ಅತ್ತಿತು. ಈಗ ನನ್ನ ಹಳೆಯ ಬನಿಯನ್ನಿನ ಮೇಲೆ ಮಲಗಿದೆ. ನನಗೂ ದಣಿವಾಗಿದೆ, ನಿದ್ದೆ ಮಾತ್ರ ಬರುತ್ತಿಲ್ಲ.

ಹಾಸ್ಟೆಲಿಗೆ ಸೇರಿಸಲೆಂದು ಮಾವ ನನ್ನನ್ನು ಧರ್ಮಪುರದಲ್ಲಿ ಬಸ್ಸು ಹತ್ತಿಸಿದ ದಿನ ನೀನೂ ಹಾಗೆಯೇ ಬೆನ್ನು ತಿರುಗಿಸಿ ನಿಂತಿದ್ದೆ. ಕುರಿಗಳ ಕಡೆ ನೋಡುತ್ತಿದ್ದೀಯ ಎಂದುಕೊಂಡಿದ್ದೆ.